ಹೆಣ್ಣೊಪ್ಪಿಸುವ ಹಾಡಿನ ರಾಗ

ಮಕ್ಕಳೇ, ರೊಟ್ಟಿ ತಟ್ಟುವಾಗ ನಾನು ಗುನುಗುವುದನ್ನು ಕೇಳಿ "ಅಜ್ಜಿ, ತಾತ ಹೋದ್ರು ಅಂತ ಬೇಜಾರಾ?" ಅನ್ನುತ್ತೀರಲ್ಲ, ಬೇಜಾರೇನಿಲ್ಲ. ಅದು ನಿಮ್ಮ ತಾತನಿಗೆ ಬೇಕಾದ ಹಾಡೇ, ಆದರೆ ಕಥೆ ಬೇರೆ.

ಅದು ಹೆಣ್ಣೊಪ್ಪಿಸುವ ಹಾಡು. ಸೋಸಲೆಯಲ್ಲಿ ಯಾರ ಮನೆಯ ಮದುವೆಯಾದರೂ, ಹುಡುಗಿಯ ಕೈಯನ್ನು ಹಾಲಿನಲ್ಲಿ ಅದ್ದಿ ಗಂಡಿನವರಿಗೆ ಒಪ್ಪಿಸುವ ಹೊತ್ತಿಗೆ ನನ್ನನ್ನು ಕರೆಯುತ್ತಿದ್ದರು. ನಾಲ್ಕು ಜನರೆದುರು ಮಾತು ಬಾರದ ನಾನು, ಹೆಂಗಸರ ಹಿಂದೆ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ಹಾಡುತ್ತಿದ್ದೆ. ರಾಗ ಒಂದು ಕಡೆ ಕೆಳಗಿಳಿದು ಎಳೆಯುತ್ತದೆ. ಅಲ್ಲಿಗೆ ಬಂದರೆ ಎಂಥ ಹುಡುಗಿಯೂ ಬಿಕ್ಕುತ್ತಿದ್ದಳು.

ನಿಮ್ಮಮ್ಮನ ಮದುವೆ ಗಂಡಿನ ಊರಾದ ನಂಜನಗೂಡಿನ ಛತ್ರದಲ್ಲಿ. ಹಿಂದಿನ ದಿನವೇ ಹೇಳಿದಳು, "ಅವ್ವ, ಆ ಅಳೋ ರಾಗ ತೆಗೀಬೇಡ. ನಾ ಮೆಚ್ಚಿ ಆಯ್ತಿರೋ ಮದ್ವೆ, ನಗ್ತಾ ಓಗ್ಬೇಕು. ಅತ್ರೆ ಅತ್ತೆಮನೆಯೋರು ಏನಂದ್ಕಂಡಾರು?"

ಆಗಲಿ ಅಂದು, ಅದೇ ಪದವನ್ನು ಆರತಿ ಹಾಡಿನ ಚುರುಕು ಧಾಟಿಗೆ ಕೂರಿಸಿಕೊಂಡೆ. ಮಾರನೆಯ ದಿನ ಹಾಗೇ ಶುರು ಮಾಡಿದೆ. ಬೀಗಿತ್ತಿ ಪಕ್ಕದವರಿಗೆ ಅಂದದ್ದು ನನಗೂ ಕೇಳಿಸಿತು: "ಇದೇನವ್ವ, ಮಗಳ್ನ ಕಳಿಸ್ತಾವ್ರೋ, ಓಡಿಸ್ತಾವ್ರೋ?"

ಎಲ್ಲರೂ ನಕ್ಕರು, ನಿಮ್ಮಮ್ಮನೂ. ನಿಮ್ಮ ತಾತ ಮಾತ್ರ ಹಾಲಿನ ತಟ್ಟೆ ಹಿಡಿದು ಕಂಬದ ಹಾಗೆ ನಿಂತಿದ್ದರು. ಮದುವೆ ಹತ್ತಿರ ಬಂದಂತೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರ ಮುಖ ನೋಡಿ ನಿಮ್ಮಮ್ಮನ ನಗು ನಿಂತಿತು.

"ಅವ್ವ, ನಿನ್ ರಾಗಾನೇ ತೆಗಿ" ಅಂದಳು.

ತೆಗೆದೆ. ಇಳಿಯುವ ಜಾಗ ಬಂತು. ತಟ್ಟೆಯ ಹಾಲು ಅಲುಗಾಡಿತು. ಬೀಗರು ತಟ್ಟೆ ಈಸಿಕೊಂಡರು. ನಿಮ್ಮ ತಾತ ಟವಲಿಗೆ ಮುಖ ಒತ್ತಿಕೊಂಡು ಅತ್ತೇಬಿಟ್ಟರು. ನಿಮ್ಮಮ್ಮನೇ ಬೆನ್ನು ಸವರಿದಳು, "ಬುಡಪ್ಪ, ನರಸೀಪುರದ ಬಸ್ ಅತ್ತುದ್ರೆ ನಮ್ಮೂರು ಬತ್ತದೆ. ನಾನೇ ಅಳ್ನಿಲ್ಲ, ನೀನ್ಯಾಕೆ?"

ಆಮೇಲೆ ನಿಮ್ಮ ತಾತ ಪಂಕ್ತಿಯಲ್ಲಿ ಕೂತು ಪಾಯಸವನ್ನು ಕೇಳಿ ಕೇಳಿ ಹಾಕಿಸಿಕೊಂಡರು.

ಮೊನ್ನೆ ನಿಮ್ಮಲ್ಲಿ ದೊಡ್ಡವಳು ಅದನ್ನು ಕೀಬೋರ್ಡಿನಲ್ಲಿ ಹುಡುಕಿ ನುಡಿಸಿದಳು. "ಅಜ್ಜಿ, ಇದು ಮೈನರ್ ಸ್ಕೇಲ್. ದುಃಖದ ಹಾಡಿಗೆ ಅಂತ ಮ್ಯೂಸಿಕ್ ಮಿಸ್ ಹೇಳಿದ್ದಾರೆ." ಒಂದು ಸ್ವರದ ಬದಲು ಪಕ್ಕದ ಕೀ ಒತ್ತಿ, ಅದೇ ಹಾಡು ನಗುವುದನ್ನೂ ತೋರಿಸಿದಳು. ಮಿಸ್ ಹೇಳಿದ್ದು ಸರಿಯಿರಬಹುದು. ನಿಮ್ಮ ತಾತ ಮಾತ್ರ ಎಷ್ಟೋ ಸಂಜೆ ಹೊಟ್ಟೆ ತುಂಬ ಉಂಡು, ಜಗಲಿಯ ಮೇಲೆ ಕಾಲು ಚಾಚಿ, "ಆ ರಾಗ ಒಸಿ ತೆಗಿಯಮ್ಮಿ" ಅನ್ನುತ್ತಿದ್ದರು. ಇಳಿಯುವ ಜಾಗ ಬರುವಷ್ಟರಲ್ಲಿ ಗೊರಕೆ ಶುರುವಾಗಿರುತ್ತಿತ್ತು.