ಸಿಡಿಲಾಳಿನ ಎರಡನೆಯ ಕಂಠ

ಬಸ್ ನಿಲ್ದಾಣದಲ್ಲಿ ಅವನನ್ನು ಎಲ್ಲರೂ ಮೈಕು ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುವಳು. ಯಾವ ಬಸ್ಸು ಬಂದಿದೆ, ಯಾವುದು ತಡ, ಯಾರ ಚೀಲ ಸಿಕ್ಕಿದೆ, ಯಾರ ಮಗು ಅಳುತ್ತ ನಿಂತಿದೆ ಎಂಬುದನ್ನೆಲ್ಲ ಗಾಜಿನ ಗೂಡೊಂದರಲ್ಲಿ ಕೂತು ಧ್ವನಿವರ್ಧಕದಲ್ಲಿ ಹೇಳುವುದು ಅವನ ಕೆಲಸ.

ಚಿಕ್ಕಂದಿನಿಂದಲೂ ಅವನ ಗಂಟಲು ಅವನ ಹಿಡಿತದಲ್ಲಿ ಇರಲಿಲ್ಲ. ಯಾರ ಜೊತೆ ನಾಲ್ಕು ದಿನ ಓಡಾಡಿದರೂ ಅವರ ದನಿ ಬಂದು ಕೂರುತ್ತಿತ್ತು. ಶಾಲೆಯ ಕಿಟಕಿಯ ಹೊರಗೆ ನಿಂತು ಹೆಡ್‌ಮಾಸ್ಟರರ ಕೆಮ್ಮು ಕೆಮ್ಮಿದರೆ ಒಳಗೆ ಪಾಠ ಮಾಡುತ್ತಿದ್ದ ಮೇಷ್ಟರೂ ಎದ್ದು ನಿಲ್ಲುತ್ತಿದ್ದರು. ಒಮ್ಮೆ ಪಕ್ಕದ ಮನೆಯ ಅಜ್ಜಿಯ ದನಿಯಲ್ಲಿ ಅಜ್ಜನನ್ನು ಕೂಗಿದ್ದಕ್ಕೆ ಆತ ಅರ್ಧ ಕ್ಷೌರದಲ್ಲೇ ಎದ್ದು ಓಡಿ ಬಂದಿದ್ದ.

ಈ ವಿದ್ಯೆಯೇ ಅವನನ್ನು ಡಬ್ಬಿಂಗ್ ಸ್ಟುಡಿಯೋಗೆ ಕರೆದುಕೊಂಡು ಹೋಯಿತು. ರಜೆಯ ದಿನಗಳಲ್ಲಿ ಅಲ್ಲಿಗೆ ಹೋಗಿ ಬೇರೆ ಭಾಷೆಯ ಸಿನಿಮಾಗಳಿಗೆ ಗುಂಪಿನ ದನಿ ಕೊಡುತ್ತಿದ್ದ. ಕಟ್ಟಡ ಬೀಳುವಾಗ "ಓಡಿ, ಓಡಿ!" ಎಂದವನು ಅವನು. ಮೊದಲ ಗುಂಡಿಗೇ ಸಾಯುವ ಪೊಲೀಸಿನವನು ಅವನು.

ಅಲ್ಲಿ ನಾಯಕನಿಗೆ ಕಂಠದಾನ ಮಾಡುತ್ತಿದ್ದವರು ಬೇರೆ. ಅವರನ್ನು ಸ್ಟುಡಿಯೋದವರೆಲ್ಲ ದೊಡ್ಡಣ್ಣ ಎನ್ನುತ್ತಿದ್ದರು. ಸಣಕಲು ಮೈ, ದಪ್ಪ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ. ಬಾಯಿ ತೆರೆದರೆ ಮಾತ್ರ ಕೂತವರು ನೆಟ್ಟಗಾಗಬೇಕು, ಅಂಥ ಕಂಠ. ಸಿಡಿಲಾಳು ಎಂಬ ಹಾರುವ ವೀರನ ಮೊದಲ ಸಿನಿಮಾ ನಮ್ಮ ಭಾಷೆಯಲ್ಲಿ ಹುಚ್ಚು ಹಿಡಿಸಿದ್ದು ಅವರಿಂದ. ಅದರ ಕೊನೆಯಲ್ಲಿ ಸಿಡಿಲಾಳು ಕುಸಿಯುತ್ತಿರುವ ಸುರಂಗವನ್ನು ಬೆನ್ನ ಮೇಲೆ ಹೊತ್ತು, ರೈಲಿನವರನ್ನೆಲ್ಲ ಆಚೆ ಕಳಿಸಿ, ತಾನು ಮಣ್ಣಿನಡಿ ಸಾಯುತ್ತಾನೆ. ಆ ದೃಶ್ಯಕ್ಕೆ ಗಟ್ಟಿ ಗಂಡಸರೂ ಮೂಗು ಒರೆಸಿಕೊಂಡಿದ್ದರು.

ಮೈಕುವಿಗೆ ದೊಡ್ಡಣ್ಣನೆಂದರೆ ಪ್ರಾಣ. ಕೆಲಸ ಮುಗಿದ ಮೇಲೆ ಎಷ್ಟೋ ಸಲ ಅವರ ಜೊತೆ ಅವರ ಮನೆಗೆ ಹೋಗುತ್ತಿದ್ದ. ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಜೇಬಿನಲ್ಲಿ ಬೀಗದ ಕೈ ಇದ್ದರೂ ದೊಡ್ಡಣ್ಣ ತೆಗೆಯುತ್ತಿರಲಿಲ್ಲ. ಬಾಗಿಲ ಮುಂದೆ ನಿಂತು, ಮೆಟ್ಟಿಲು ಹತ್ತಿದ ಉಸಿರು ಹಿಡಿದುಕೊಂಡು, ಮೆಲ್ಲಗೆ ಹೇಳುತ್ತಿದ್ದರು: "ಕೇಳಿಸ್ತಾ? ನಾನೇ. ಬಂದೆ." ಒಳಗೆ ಮಿಕ್ಸಿ ತಿರುಗುತ್ತಿದ್ದರೂ ಅತ್ತಿಗೆಗೆ ಕೇಳಿಸುತ್ತಿತ್ತು. ದೊಡ್ಡಣ್ಣನ ಹೆಂಡತಿಯನ್ನು ಮೈಕು ಅತ್ತಿಗೆ ಎನ್ನುತ್ತಿದ್ದ. ಆ ದಂಪತಿಗೆ ಮಕ್ಕಳಿರಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದ ದೊಡ್ಡಣ್ಣ ಅಲ್ಲೇ ಕುಸಿದು ಹೋಗಿಬಿಟ್ಟರು.

ಅದಾಗಿ ವರ್ಷ ತುಂಬುವುದರೊಳಗೆ ಸಿಡಿಲಾಳಿನ ಎರಡನೆಯ ಭಾಗ ಬಂತು. ಸತ್ತವನನ್ನು ಆ ಸಿನಿಮಾದವರು ಎಬ್ಬಿಸಿದ್ದರು. ಸ್ಟುಡಿಯೋದಲ್ಲಿ ಡಬ್ಬಿಂಗ್ ನೋಡಿಕೊಳ್ಳುತ್ತಿದ್ದ ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು. ಯಾರ್ಯಾರನ್ನೋ ಕರೆಸಿ ನೋಡಿದರು. ಕೊನೆಗೆ ಮೈಕುವಿನ ಕಡೆ ತಿರುಗಿದರು.

"ನೀನು ಅವರ ಥರ ಮಾತಾಡ್ತಿದ್ದೆ ಅಲ್ವಾ, ತಮಾಷೆಗೆ? ಅದನ್ನೇ ಮಾಡು."

"ತಮಾಷೆಗೆ ಮಾಡ್ತಿದ್ದೆ ಮೇಡಂ. ಆಗ ಅವರು ಇದ್ದರು."

"ಇನ್ಯಾರೋ ಬಂದು ಕೆಡಿಸೋದಕ್ಕಿಂತ ನೀನೇ ಮಾಡೋದು ವಾಸಿ ಅಲ್ವಾ?"

ಆ ಮಾತಿಗೆ ಅವನು ಸೋತ.

ಸಿನಿಮಾದ ಕೊನೆಯಲ್ಲಿ ಒಂದು ದೃಶ್ಯವಿತ್ತು. ಸತ್ತು ಬದುಕಿದ ಸಿಡಿಲಾಳು ತನ್ನ ಮನೆಗೆ ಬರುತ್ತಾನೆ. ಹೆಂಡತಿ ಅಷ್ಟರಲ್ಲಿ ಇನ್ನೊಬ್ಬನನ್ನು ಮದುವೆಯಾಗಿದ್ದಾಳೆ, ಒಳಗೆ ಮಗುವಿನ ನಗು. ಅವನು ಬಾಗಿಲಿಗೆ ಹಣೆ ಆನಿಸಿ ಏನೋ ಪಿಸುಗುಡುತ್ತಾನೆ. ಒಳಗಿನಿಂದ ಹೆಜ್ಜೆ ಸಪ್ಪಳ ಬಂದದ್ದೇ ಹಾರಿಹೋಗುತ್ತಾನೆ. ಅವಳು ಬಾಗಿಲು ತೆಗೆದರೆ ಯಾರೂ ಇಲ್ಲ.

ಅನುವಾದದಲ್ಲಿ "ಕ್ಷಮಿಸು, ನಾನು ಮರಳಿ ಬಂದಿದ್ದೇನೆ" ಎಂದಿತ್ತು. ಮೇಡಂ ಗಾಜಿನಾಚೆಯಿಂದ ಬೈದರು: "ಹೆಂಡ್ತಿ ಹತ್ರ ಮಾತಾಡ್ತಿದ್ದಾನೋ, ನೋಟೀಸು ಓದ್ತಿದ್ದಾನೋ? ಬೆನ್ನು ಮಾತ್ರ ಕಾಣೋದು, ತುಟಿ ಕೂಡಿಸೋ ತಾಪತ್ರಯ ಇಲ್ಲ. ನಿನಗೆ ತೋಚಿದ್ದು ಹೇಳು."

ಪರದೆಯ ಮೇಲೆ ಆ ಬೆನ್ನು, ಆ ಬಾಗಿಲು. ಮೈಕು ಉಸಿರು ಹಿಡಿದು ಹೇಳಿದ: "ಕೇಳಿಸ್ತಾ? ನಾನೇ. ಬಂದೆ."

ಗಾಜಿನಾಚೆ, ದೊಡ್ಡಣ್ಣನ ದನಿಯನ್ನು ವರ್ಷಗಟ್ಟಲೆ ಮುದ್ರಿಸಿಕೊಂಡಿದ್ದ ರೆಕಾರ್ಡಿಂಗಿನವನು ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟು ಹೊರಗೆ ಹೋದ. ಮೇಡಂ ಬಹಳ ಹೊತ್ತಿನ ಮೇಲೆ "ಓಕೆ" ಎಂದರು.

ಸಿನಿಮಾ ಬಿಡುಗಡೆಯಾದದ್ದೇ ತಡ, ಜಗಳ ಶುರುವಾಯಿತು. ನಿಲ್ದಾಣದ ಕ್ಯಾಂಟೀನಿನಲ್ಲಿ ಕಂಡಕ್ಟರನೊಬ್ಬ ಮೇಜು ಗುದ್ದಿದ: "ಸತ್ತೋನು ಸತ್ತೇ ಇರ್ಬೇಕಿತ್ತು! ಹೋದ ಸಲ ಅಷ್ಟು ಅತ್ತಿದ್ದೆ ನಾನು. ಆ ಕಣ್ಣೀರು ವಾಪಸ್ ಕೊಡ್ತಾರಾ ಈಗ?"

ಅವನ ಜೊತೆಯ ಡ್ರೈವರ್ ಬಿಡಲಿಲ್ಲ. "ಬಂದಿದ್ದು ತಪ್ಪಲ್ಲಪ್ಪಾ. ಬಂದ್ಮೇಲೆ ಬಾಗಿಲು ಬಡಿಯೋಕೇನು ದಾಡಿ? ಸುರಂಗ ಹೊತ್ತ ಕೈಗೆ ಬಾಗಿಲು ಭಾರ ಆಯ್ತಾ?"

ಸಾಲಿನಲ್ಲಿ ನಿಂತ ಕಾಲೇಜು ಹುಡುಗಿ ಹಿಂದೆ ತಿರುಗಿ ಹೇಳಿದಳು: "ಅವಳನ್ನ ಒಂದು ಮಾತು ಕೇಳ್ಬೇಕಿತ್ತಲ್ವಾ ಅಂಕಲ್? ಅವಳ ಪರವಾಗಿ ಇವನೇ ತೀರ್ಮಾನ ಮಾಡಿ ಹೋಗಿಬಿಡೋದಾ?"

ಊರಲ್ಲೆಲ್ಲ ಇದೇ ಮಾತು. ಕೊನೆಯನ್ನು ಬದಲಾಯಿಸಿ ಮತ್ತೆ ಬಿಡುಗಡೆ ಮಾಡಿ ಎಂದು ಕೆಲವರು ಪೋಸ್ಟರಿಗೆ ಕಪ್ಪು ಬಳಿದರು. ಒಬ್ಬ ಅಭಿಮಾನಿ ದೃಶ್ಯವನ್ನು ತಾನೇ ಕತ್ತರಿಸಿ ಅಂಟಿಸಿ, ಸಿಡಿಲಾಳು ಬಾಗಿಲು ಬಡಿದಂತೆ, ಅವಳು ಅಪ್ಪಿಕೊಂಡಂತೆ ಮಾಡಿ ಹರಿಬಿಟ್ಟ. ಆದರೆ ಬೈಯುವವರೂ ಹೊಗಳುವವರೂ ಒಂದು ವಿಷಯಕ್ಕೆ ಒಪ್ಪಿದರು: ಬಾಗಿಲ ಮುಂದಿನ ಆ ಮಾತು ಹೊಸಬನದಲ್ಲ, ದೊಡ್ಡಣ್ಣನದೇ. ಸಾಯುವ ಮುಂಚೆ ಹೇಳಿಟ್ಟು ಹೋಗಿದ್ದಾರೆ, ಸ್ಟುಡಿಯೋದವರು ಬಚ್ಚಿಟ್ಟಿದ್ದರು ಎಂದು ಸುದ್ದಿ ಹಬ್ಬಿತು.

ಮೈಕು ರೆಕಾರ್ಡಿಂಗಿನವನನ್ನು ಹುಡುಕಿಕೊಂಡು ಹೋದ. "ಅದು ನನ್ನ ದನಿ ತಾನೇ? ನೀನೇ ಎದುರಿಗಿದ್ದೆ."

"ನಿಂದೇ ಕಣೋ," ಎಂದ ಅವನು. "ಆದ್ರೆ ನನ್ನ ಕೈಲಿ ಆಣೆ ಮಾಡಿಸ್ಬೇಡ."

ಆಮೇಲೆ ಆ ಮಾತು ಮೊಬೈಲುಗಳಿಗೆ ಇಳಿಯಿತು. ಯಾರ ಜೇಬಿನಲ್ಲಿ ಫೋನು ಬಂದರೂ "ಕೇಳಿಸ್ತಾ? ನಾನೇ. ಬಂದೆ." ಬಸ್ಸಿನೊಳಗಿಂದ, ಶೌಚಾಲಯದ ಗೋಡೆಯಾಚೆಯಿಂದ, ಬೆಂಚಿನ ಮೇಲೆ ನಿದ್ದೆಹೋದವರ ಚೀಲದೊಳಗಿಂದ. ಮೈಕು ಪ್ರತಿ ಸಲ ತಿರುಗಿ ನೋಡುತ್ತಿದ್ದ. ದಪ್ಪ ಕನ್ನಡಕದವರು ಯಾರೂ ಇರುತ್ತಿರಲಿಲ್ಲ.

ಅದಕ್ಕಿಂತ ಅವನನ್ನು ಹೆದರಿಸಿದ್ದು ಹೆಂಡತಿಯ ಮಾತು. ಒಂದು ಸಂಜೆ ಅವಳು ನಗುತ್ತಲೇ ಹೇಳಿದಳು: "ಫೋನಲ್ಲಿ ಯಾರೋ ದೊಡ್ಡೋರು ಅನ್ಕೊಂಡು ಎದ್ದು ನಿಂತು ಮಾತಾಡ್ದೆ ರೀ. ನೋಡಿದ್ರೆ ಕೊತ್ತಂಬರಿ ತರ್ಲಾ ಅಂತ ನೀವು!" ಆಮೇಲೆ ನಗುವಿಲ್ಲದೆ ಅಂದಳು: "ಮನೇಲಿ ಆ ದನಿ ಬೇಡ."

"ಯಾವ ದನಿ?"

"ಈಗ ಕೇಳಿದ್ರಲ್ಲ, ಅದೇ."

ಅವನು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತನ್ನ ಹೆಸರನ್ನು ಹೇಳಿ ನೋಡಿದ. ಯಾರೋ ಅವನನ್ನು ಕರೆದಂತೆ ಕೇಳಿಸಿತು. ಓ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡ.

ಆ ವಾರವೇ ಅತ್ತಿಗೆಯ ಫೋನು ಬಂತು. "ಮಧ್ಯಾಹ್ನ ಬಾ," ಎಂದಷ್ಟೇ ಹೇಳಿ ಇಟ್ಟರು.

ದೊಡ್ಡಣ್ಣ ಹೋದ ಮೇಲೆ ಅವನು ಆ ಮೆಟ್ಟಿಲು ಹತ್ತಿರಲಿಲ್ಲ. ಬೆಲ್ ಒತ್ತಿ ಸುಮ್ಮನೆ ನಿಂತ. ಅತ್ತಿಗೆ ಬಾಗಿಲು ತೆಗೆದು, ಕೂರು ಎಂದು ಸನ್ನೆ ಮಾಡಿದರು. ನೆಲ ಆಗಷ್ಟೇ ಒರೆಸಿದ್ದು, ಇನ್ನೂ ತೇವವಿತ್ತು. ದೊಡ್ಡಣ್ಣನ ಬಟ್ಟೆಯ ಚೀಲ ಗೋಡೆಯ ಮೊಳೆಯಲ್ಲೇ ಇತ್ತು.

"ಮೊದಲು ಕೇಳಿಸಿದ್ದು ತರಕಾರಿ ಅಂಗಡೀಲಿ," ಎಂದರು ಅತ್ತಿಗೆ. "ಯಾವನೋ ಬದನೆಕಾಯಿ ಆರಿಸ್ತಿದ್ದ. ಅವನ ಜೇಬಿಂದ ಬಂತು. ನಾನು ಚೀಲ ಕೆಳಗಿಟ್ಟು ಬಿಟ್ಟೆ."

ಮೈಕು ತಲೆ ತಗ್ಗಿಸಿದ. "ತಪ್ಪಾಯ್ತು ಅತ್ತಿಗೆ. ಬೇಕೂಂತ ಮಾಡಿದ್ದಲ್ಲ. ಬಾಯಿಗೆ ಬಂದುಬಿಡ್ತು."

"ಸಿನಿಮಾಕ್ಕೂ ಹೋಗಿದ್ದೆ. ಪಕ್ಕದಲ್ಲಿದ್ದೋರು ಬಾಗಿಲು ಬಡಿಯೋ, ಬಡಿಯೋ ಅಂತ ಕೂಗ್ತಿದ್ರು. ನಾನೊಬ್ಬಳೇ ಬೇಡ ಅಂತಿದ್ದೆ ಅನ್ಸುತ್ತೆ. ಬಡಿದಿದ್ರೆ ಅವಳು ತೆಗೀಬೇಕಾಗ್ತಿತ್ತು. ತೆಗೆದ ಮೇಲೆ ಏನು ಮಾಡ್ತಿದ್ಳು ಪಾಪ?" ಎಂದರು. ಆಮೇಲೆ ಮಾತಿನ ರೀತಿಯೇ ಬದಲಾಯಿತು. "ನೀನು ಅದನ್ನ ತಪ್ಪು ಹೇಳಿದ್ದೀಯ."

"ಏನು ಅತ್ತಿಗೆ?"

"ಅವರು 'ಬಂದೆ' ಅನ್ನೋದನ್ನ ಅಷ್ಟು ಎಳೀತಿರ್ಲಿಲ್ಲ. 'ನಾನೇ' ಆದ್ಮೇಲೆ ಸ್ವಲ್ಪ ನಿಲ್ಲಿಸ್ತಿದ್ರು. ಊರಿಗೆಲ್ಲ ಅದೇ ಕೇಳಿಸ್ತಿದೆ. ಹಾಗೇ ಕೇಳ್ತಾ ಕೇಳ್ತಾ ನನಗೂ ಸರಿಯಾದದ್ದು ಮರೆತುಹೋಗುತ್ತೆ ಅಂತ ಭಯ. ಹೇಳು, ಹೇಳಿ ತೋರಿಸು."

ಅವನು ಆಗಲ್ಲ ಎಂದ. ಅವರು ಕೇಳಲಿಲ್ಲ. ಬಾಗಿಲಾಚೆ ಹೋಗಿ ನಿಂತು ಹೇಳು ಎಂದು ಅಡುಗೆಮನೆಗೆ ಹೋಗಿ ಬೆನ್ನು ಹಾಕಿ ನಿಂತರು.

ಮೈಕು ಹೊರಗೆ ಹೋಗಿ ನಿಂತು ಹೇಳಿದ. ಒಳಗಿನಿಂದ ದನಿ ಬಂತು: "ಅಲ್ಲ. ಅಷ್ಟು ಗಟ್ಟಿ ಅಲ್ಲ."

ಮತ್ತೆ ಹೇಳಿದ. "ಅಲ್ಲ. ಮೂರು ಮಹಡಿ ಹತ್ತಿದ್ದಾರೆ. ಉಸಿರು ಎಲ್ಲಿ?"

ಅವನು ಕೆಳಗಿಳಿದು ಹೋಗಿ ಮೂರು ಮಹಡಿ ಹತ್ತಿ ಬಂದು ಹೇಳಿದ. ಅಲ್ಲ. ಮತ್ತೆ ಇಳಿದ, ಮತ್ತೆ ಹತ್ತಿದ. ಬಿಸಿಲು ಮೆಟ್ಟಿಲಿನಿಂದ ಗೋಡೆಗೆ ಸರಿಯಿತು. ಕೆಳಗಿನ ಮನೆಯವರು ಬಾಗಿಲು ಓರೆ ಮಾಡಿ ನೋಡಿ ಮುಚ್ಚಿಕೊಂಡರು. ಕಾಲು ಸೋತು, ಗಂಟಲು ಒಣಗಿ, ಯಾರಂತೆ ಹೇಳಬೇಕೆಂಬುದೂ ತಲೆಯಿಂದ ಹೋದ ಮೇಲೆ ಒಂದು ಸಲ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ. ಮಾತು ತಾನೇ ಹೊರಬಿತ್ತು.

"ಕೇಳಿಸ್ತಾ? ನಾನೇ. ಬಂದೆ."

"ಚಪ್ಪಲಿ ಹೊರಗೇ ಬಿಡಿ, ನೆಲ ಒರೆಸಿದ್ದೀನಿ," ಎಂದಿತು ಒಳಗಿನ ದನಿ, ಸ್ವಲ್ಪ ರೇಗಿದಂತೆ.

ಮೈಕು ಬಗ್ಗಿ ನೋಡಿದ. ಅತ್ತಿಗೆ ಅಡುಗೆಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ತಿರುಗಲಿಲ್ಲ.

"ನಾನಾ ಅಂದಿದ್ದು?" ಎಂದರು.

ಅವನು ಹೂಂ ಎನ್ನಲೂ ಹೆದರಿದ. ಬಾಯಿ ತೆರೆದರೆ ಯಾರ ಹೂಂ ಬರುತ್ತದೋ ಗೊತ್ತಿರಲಿಲ್ಲ.

"ಹೋಗು ಮೈಕು," ಎಂದರು ಅತ್ತಿಗೆ. "ಇನ್ಮೇಲೆ ಇಲ್ಲಿಗೆ ಬರಬೇಡ. ಸಿಟ್ಟಿಲ್ಲ ನನಗೆ. ಬಂದ್ರೆ ನಾನು ಇದನ್ನ ದಿನಾ ಮಾಡಿಸ್ತೀನಿ."

ಅವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಮೂರೂ ಮಹಡಿ ಇಳಿದ.

ಮೂರನೆಯ ಸಿಡಿಲಾಳಿಗೆ ಮೇಡಂ ಕರೆದಾಗ ಅವನು ಒಪ್ಪಲಿಲ್ಲ. ಎಷ್ಟು ಬೇಕು ಹೇಳು ಎಂದರು. ಗಂಟಲು ಕೆಟ್ಟಿದೆ ಎಂದ. ಬೇರೆ ಯಾರೋ ಮಾಡಿದರು. ಅಭಿಮಾನಿಗಳು ಮತ್ತೆ ರಂಪ ಮಾಡಿದರು: ಇದಲ್ಲ ಸಿಡಿಲಾಳಿನ ದನಿ, ಹಳೆಯವರನ್ನೇ ತನ್ನಿ. ಯಾವ ಹಳೆಯವರು ಎಂದು ಅವರಲ್ಲೇ ಯಾರಿಗೂ ಖಚಿತವಿರಲಿಲ್ಲ. ಮೈಕು ಆ ಸಿನಿಮಾ ನೋಡಲಿಲ್ಲ. ಮನೆಯಲ್ಲಿ ಅವನ ಮಾತೂ ಕಡಿಮೆಯಾಯಿತು. ಹೆಂಡತಿ ಎರಡು ಮೂರು ಸಲ, "ಬೈಯೋದಾದ್ರೂ ಬೈಯ್ರೀ, ನಿಮ್ಮ ದನೀಲಿ," ಎಂದು ಕಣ್ಣು ತುಂಬಿಕೊಂಡಳು. ಕ್ರಮೇಣ, ಜ್ವರ ಇಳಿದಂತೆ, ಅವನ ದನಿ ಅವನಿಗೆ ಮರಳಿತು ಎಂದು ಅವಳೇ ಹೇಳಿದಳು. ಅವನು ಅವಳ ಮಾತನ್ನು ನಂಬಿದ. ತನ್ನ ಕಿವಿಯನ್ನು ನಂಬುವುದು ಬಿಟ್ಟಿದ್ದ.

ಆ ಹೊತ್ತಿಗೆ ನಿಲ್ದಾಣಕ್ಕೆ ಯಂತ್ರ ಬಂತು. ಊರುಗಳ ಹೆಸರು, ಸಂಖ್ಯೆಗಳು, "ಬಂದಿದೆ", "ತಡವಾಗಿದೆ" ಎಲ್ಲವನ್ನೂ ಒಮ್ಮೆ ಓದಿ ಮುದ್ರಿಸಿಕೊಟ್ಟರೆ ಮುಂದೆ ಅದೇ ಜೋಡಿಸಿಕೊಂಡು ಹೇಳುತ್ತದೆ. ಮೈಕು ಎರಡು ದಿನ ಕೂತು ಎಲ್ಲ ಓದಿಕೊಟ್ಟ. ಯಂತ್ರದಲ್ಲಿ ಕೇಳಿಸಿದಾಗ "ಬಂದಿದೆ" ಎಂಬಲ್ಲಿ ಮಾತ್ರ ಅವನಿಗೆ ದೊಡ್ಡಣ್ಣನ ದನಿ ಕೇಳಿಸಿದಂತಾಯಿತು. ಇದೊಂದನ್ನು ಮತ್ತೆ ಮಾಡೋಣ ಎಂದ. ಯಂತ್ರದವನು, "ಚೆನ್ನಾಗಿದೆ ಬಿಡಿ ಸಾರ್, ಏನಾಗಿದೆ ಅದಕ್ಕೆ?" ಎಂದು ಗಂಟು ಕಟ್ಟಿಕೊಂಡು ಹೊರಟ. ಮೈಕುವನ್ನು ವಿಚಾರಣೆಯ ಕಿಟಕಿಗೆ ಹಾಕಿದರು.

ಒಂದು ಮಧ್ಯಾಹ್ನ ಆ ಕಿಟಕಿಯಿಂದ ಅತ್ತಿಗೆಯನ್ನು ಕಂಡ. ತಮ್ಮ ಅಕ್ಕನ ಊರಿಗೆ ಹೊರಟಿದ್ದರೇನೋ, ಕಾಲ ಬಳಿ ಚೀಲವಿತ್ತು. ಧ್ವನಿವರ್ಧಕದ ಕೆಳಗಿನ ಬೆಂಚಿನಲ್ಲಿ ಕೂತಿದ್ದರು. ಅಕ್ಕನ ಊರಿನ ಬಸ್ಸು ಬಂದಿದೆ ಎಂದು ಯಂತ್ರ ಹೇಳಿತು. ಜನ ನುಗ್ಗಿದರು. ಅತ್ತಿಗೆ ಏಳಲಿಲ್ಲ. ಆ ಬಸ್ಸು ಹೋಯಿತು. ಬೇರೆ ಊರುಗಳ ಬಸ್ಸುಗಳು ಬಂದಿದೆ, ಬಂದಿದೆ ಎನ್ನಿಸಿಕೊಂಡು ಹೋದವು. ಅವರು ಕತ್ತನ್ನು ಸ್ವಲ್ಪ ಮೇಲೆ ಮಾಡಿ, ಕಣ್ಣು ಮುಚ್ಚಿ ಕೂತೇ ಇದ್ದರು.

ಕಿಟಕಿಯಿಂದ ಬೆಂಚಿಗೆ ಕೂಗಳತೆ. ಮೈಕು ಎದ್ದು ನಿಂತ. ಮತ್ತೆ ಕೂತ. ಕಿಟಕಿಯ ಮುಂದೆ ನಿಂತಿದ್ದ ಮುದುಕರೊಬ್ಬರು ಏನೋ ಕೇಳಿದರು. ಅವನು ಉತ್ತರ ಕೊಡದೆ ಬೆರಳು ಮಾಡಿ ದಾರಿ ತೋರಿಸಿದ. ಆ ಊರಿನ ಇನ್ನೊಂದು ಬಸ್ಸು ಬಂದಾಗ ಅತ್ತಿಗೆ ಚೀಲ ಎತ್ತಿಕೊಂಡು, ಯಾರ ಕಡೆಗೂ ನೋಡದೆ, ಹತ್ತಿ ಹೋದರು.