ಪುಂಡಲೀಕನಿಗೆ ದನಿ ಕೊಟ್ಟವನು

ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಮರ್ವಿನ್ ಕ್ವಾಡ್ರಸ್ ಮಲಗುವ ಕೋಣೆಯ ಬಟ್ಟೆ ಕಪಾಟಿನೊಳಗೆ ತಲೆ ತೂರಿಸಿ ನಿಂತಿದ್ದ. ಹೆಂಡತಿಯ ಸೀರೆಗಳ ನಡುವೆ ಒಂದು ಸಣ್ಣ ಮೈಕು ನೇತಾಡುತ್ತಿತ್ತು. ಬಟ್ಟೆಗಳ ನಡುವೆ ದನಿ ಮಾರ್ದನಿಸುವುದಿಲ್ಲ. ಎ.ಸಿ. ಗುಂಯ್‌ಗುಡುತ್ತದೆ ಎಂದು ಅದನ್ನು ಆರಿಸಿದ್ದ. ಮೇ ತಿಂಗಳಲ್ಲಿ ಬಹರೈನಿನ ಗುಫೂಲಿನ ಫ್ಲ್ಯಾಟಿನಲ್ಲಿ ಎ.ಸಿ. ಆರಿಸಿದರೆ ಹತ್ತು ನಿಮಿಷಕ್ಕೆ ಬನಿಯನ್ ಒದ್ದೆಯಾಗುತ್ತದೆ. ಅವನ ಬನಿಯನ್ ಒದ್ದೆಯಾಗಿ ಆಗಲೇ ಅರ್ಧ ಗಂಟೆಯಾಗಿತ್ತು.

ಹೇಳಬೇಕಿದ್ದದ್ದು ಎರಡೇ ಶಬ್ದ. "ಹಾಂ… ಅದೇ." ಎಂಟು ಸಲ ಹೇಳಿ ಎಂಟು ಸಲವೂ ಅಳಿಸಿದ್ದ.

ಆ ಎರಡು ಶಬ್ದ ನಟಶಿರೋಮಣಿ ಪುಂಡಲೀಕನವು. ಪುಂಡಲೀಕ ಮನುಷ್ಯನಲ್ಲ, ಟಿ.ವಿ.ಯಲ್ಲಿ ಭಾನುವಾರ ಸಂಜೆ ಬರುವ ಕನ್ನಡ ಕಾರ್ಟೂನು ಹಾಸ್ಯದ ಒಂದು ಪಾತ್ರ. ಯಾವುದೋ ಕಾಲದಲ್ಲಿ ಹೆಸರು ಮಾಡಿ ಈಗ ಯಾರಿಗೂ ಬೇಡವಾದ ನಟ. ವಠಾರದ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದಾನೆ. ಹಿತ್ತಾಳೆ ಗುಂಡಿಗಳ ಮರೂನ್ ಕೋಟು ತೊಟ್ಟು ಹಾಲಿನವನಿಗೆ, ಕರೆಂಟು ಬಿಲ್ಲಿನವನಿಗೆ ಕೇಳದಿದ್ದರೂ ಆಟೋಗ್ರಾಫ್ ಕೊಡುತ್ತಾನೆ. ದೊಡ್ಡ ಸಂಭಾಷಣೆಯೊಂದನ್ನು ಶುರು ಮಾಡಿ ನಡುವೆ ಮರೆತು, ತಲೆಯನ್ನು ಎಡಕ್ಕೆ ವಾಲಿಸಿ, "ಹಾಂ… ಅದೇ" ಎಂದು ಗತ್ತಿನಿಂದ ಹೊರಟುಹೋಗುತ್ತಾನೆ. ಮಕ್ಕಳು ಬಿದ್ದು ಬಿದ್ದು ನಗುವುದು ಅಲ್ಲಿಗೆ. ಎರಡನೆಯ ಸರಣಿಯ ಐದನೆಯ ಕಂತಿನಲ್ಲಿ ಪುಂಡಲೀಕನಿಗೆ ಸನ್ಮಾನ. ವೇದಿಕೆ ಹತ್ತಿದವನಿಗೆ ಎಲ್ಲ ಮರೆತುಹೋಗಿ, ಸಭೆ ನಕ್ಕು, ಕೋಟಿನ ಗುಂಡಿ ಹಾರಿಹೋಗಬೇಕು. ಬೆಂಗಳೂರಿನ ಸ್ಟುಡಿಯೊದಿಂದ ಕಾರ್ಟೂನಿನ ನಿರ್ದೇಶಕ ಅಮೋಘ ಎರಡು ಸಲ ಕೇಳಿಯಾಗಿತ್ತು, ವಾಯ್ಸ್ ಯಾವಾಗ ಬರತ್ತೆ ಸರ್ ಎಂದು.

ಹೆಂಡತಿ ಫ್ಲಾವಿಯಾ ಬಾಗಿಲು ತೆರೆದು ನೋಡಿದಳು. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದಿದ್ದಳು, ಮಲಗಬೇಕಿತ್ತು. ಇನ್ನೂ ಆಗಲಿಲ್ಲವಾ ಎಂದು ಕೇಳಿದಳು. ಗಂಟಲು ಸರಿಯಿಲ್ಲ ಎಂದ.

"ಗಂಟಲಿಗೆ ಎಂತ ಆಗ್ಲಿಲ್ಲ," ಅಂದಳು ಅವಳು. "ನೀವು ಮೊದಲು ಹೋಗಿ ರಾಬರ್ಟ್ ಮಾಮ್‌ಗೆ ಹೇಳಿ. ಮತ್ತೆ ಗಂಟಲು ತನ್ನಿಂದ ತಾನೇ ಸಮ ಆಗ್ತದೆ."

ರಾಬರ್ಟ್ ಪಿರೇರಾರಿಗೆ ಅರವತ್ತೆಂಟು ವರ್ಷ. ಅದ್ಲಿಯಾದ ಒಂದು ರೆಸ್ಟೋರೆಂಟಿನ ಬಾಗಿಲಲ್ಲಿ ನಿಂತು, ಬರುವವರನ್ನು ತಲೆಬಾಗಿ ಒಳಗೆ ಕರೆದು ಮೇಜು ತೋರಿಸುವುದು ಅವರ ಕೆಲಸ. ಅಲ್ಲಿ ಅವರಿಗೆ ಕೊಟ್ಟಿರುವ ಸಮವಸ್ತ್ರ ಹಿತ್ತಾಳೆ ಗುಂಡಿಗಳ ಮರೂನ್ ಕೋಟು. ಅದಕ್ಕೆ ಮೊದಲು, ಊರಿನಲ್ಲಿ, ಹದಿನೇಳು ವರ್ಷ ಅವರು ನಾಟಕದ ನಟ. ಕರಾವಳಿಯ ಊರೂರಿಗೆ ಹೋಗಿ ಕನ್ನಡ ನಾಟಕ ಆಡುತ್ತಿದ್ದ ತಂಡವೊಂದರಲ್ಲಿ ರಾಜನ ಪಾತ್ರ ಎಂದರೆ ರಾಬರ್ಟ್ ಎಂದಾಗಿತ್ತು. ಅದೇ ತಂಡದಲ್ಲಿ ಕೊನೆಯ ಮೂರು ವರ್ಷ ಪ್ರಾಂಪ್ಟರ್ ಆಗಿದ್ದವನು ಮರ್ವಿನ್. ಪರದೆಯ ಎಡಬದಿಯಲ್ಲಿ ಸ್ಟೂಲಿನ ಮೇಲೆ ಕೂತು, ನಟ ಮಾತು ಮರೆತಾಗ ಪುಸ್ತಕ ನೋಡಿ ಪಿಸುಗುಡುವುದು ಅವನ ಪಾಲಿನ ನಾಟಕ.

ಇಡೀ ಸಾಲು ಹೇಳಿಕೊಡಬಾರದು, ಮೊದಲ ಶಬ್ದ ಮಾತ್ರ ಕೊಡಬೇಕು ಎಂದು ಕಲಿಸಿದ್ದು ರಾಬರ್ಟ್. ಅವರಿಬ್ಬರ ನಡುವೆ ಒಂದು ಪದ್ಧತಿ ಬೆಳೆದಿತ್ತು. ಮಾತು ತಪ್ಪಿದರೆ ರಾಬರ್ಟ್ ತಲೆಯನ್ನು ತುಸು ಎಡಕ್ಕೆ ವಾಲಿಸಿ "ಹಾಂ" ಅನ್ನುವರು. ಮರ್ವಿನ್ ಶಬ್ದ ಕೊಡುವನು. ಸಿಕ್ಕಿತು ಎಂದು ತಿಳಿಸಲು ಅವರು "ಅದೇ" ಎಂದು ಮುಂದಿನ ಮಾತಿಗೆ ಹೋಗುವರು. ನೋಡುವವರಿಗೆ ಅದು ರಾಜನ ಗಾಂಭೀರ್ಯದಂತೆ ಕಾಣುತ್ತಿತ್ತು. ತಂಡ ಮುಚ್ಚಿ, ರಾಬರ್ಟ್ ಬಹರೈನಿಗೆ ಬಂದು, ಇಷ್ಟು ವರ್ಷವಾದರೂ ಆ ಅಭ್ಯಾಸ ಹೋಗಿರಲಿಲ್ಲ. ಅಂಗಡಿಯಲ್ಲಿ ಸಾಮಾನಿನ ಹೆಸರು ಮರೆತರೂ ತಲೆ ಎಡಕ್ಕೇ ವಾಲುತ್ತಿತ್ತು.

ಮರ್ವಿನ್‌ಗೆ ಇಲ್ಲಿಗೆ ವೀಸಾ ಮಾಡಿಸಿಕೊಟ್ಟವರೂ ರಾಬರ್ಟೇ. ಮೊದಲ ಏಳು ತಿಂಗಳು ಅವನು ಹೂರಾದಲ್ಲಿ ಅವರ ಮನೆಯ ಸೋಫಾದ ಮೇಲೆ ಮಲಗಿದ್ದ. ಈಗ ಗುತ್ತಿಗೆ ಕಂಪೆನಿಯೊಂದರಲ್ಲಿ ಕಾರ್ಮಿಕರ ವೀಸಾ, ಗುರುತಿನ ಚೀಟಿಗಳ ಕಾಗದ ನೋಡುವ ಗುಮಾಸ್ತ. ರಜಾ ದಿನಗಳಲ್ಲಿ ಕನ್ನಡ ಬಳಗದ ಕಾರ್ಯಕ್ರಮಗಳ ನಿರೂಪಕ.

ಎರಡು ವರ್ಷದ ಹಿಂದೆ ಬಳಗದ ವಾಟ್ಸ್ಯಾಪ್ ಗುಂಪಿಗೆ ಅಮೋಘನ ಸಂದೇಶ ಬಂದಿತ್ತು. ಕಾರ್ಟೂನಿಗೆ ಕರಾವಳಿ ಕನ್ನಡದ ದನಿ ಬೇಕು, ಹಳೇ ನಟನೊಬ್ಬನ ಪಾತ್ರ. ಮರ್ವಿನ್ ಸಂಜೆ ಆಫೀಸಿನಿಂದ ಬಂದು ಕಾರಿನೊಳಗೆ ಕೂತು ಒಂದು ನಿಮಿಷ ರಾಬರ್ಟರ ಹಾಗೆ ಮಾತಾಡಿ ಕಳಿಸಿದ. ಯೋಚಿಸಿ ಮಾಡಿದ್ದಲ್ಲ. ಹಳೇ ನಟ ಎಂದ ಕೂಡಲೇ ಬಾಯಿಗೆ ಬಂದದ್ದು ಅದು. ಅಮೋಘ ಕೂಡಲೇ ಫೋನ್ ಮಾಡಿದ. "ಸರ್, ಆ ಗ್ಯಾಪ್ ಇದ್ಯಲ್ಲ, ಹಾಂ, ಅದೇ ಅಂತ, ಅಲ್ಲೇ ಕ್ಯಾರೆಕ್ಟರ್ ಸಿಕ್ಬಿಡ್ತು ಸರ್. ನೋಡೋಕೆ ಹೇಗಿರ್ತಾರೆ ಇವ್ರು? ರೆಫರೆನ್ಸ್ ಏನಾದ್ರೂ ಇದ್ಯಾ?"

ಮರ್ವಿನ್ ಒಂದು ಫೋಟೊ ಕಳಿಸಿದ. ದನಿಯನ್ನು ಯೋಚಿಸದೆ ಕಳಿಸಿದ್ದ, ಫೋಟೊ ಹಾಗಲ್ಲ. ಆಲ್ಬಮಿನಲ್ಲಿ ಹುಡುಕಿ, ಎರಡನ್ನು ಬಿಟ್ಟು ಮೂರನೆಯದನ್ನು ಆರಿಸಿದ್ದ. ಆಮೇಲೆ ತನಗೆ ತಾನು ಕೊಟ್ಟುಕೊಂಡ ಸಮಾಧಾನಗಳೆಲ್ಲ ಈ ಫೋಟೊದ ಹತ್ತಿರ ಬಂದು ನಿಂತುಬಿಡುತ್ತಿದ್ದವು.

ಕಾರ್ಟೂನು ಹಿಡಿಸಿತು. ಬಹರೈನಿನ ಕನ್ನಡದ ಮನೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಮಕ್ಕಳು ಕೂಡ ತಲೆ ವಾಲಿಸಿ "ಹಾಂ… ಅದೇ" ಅನ್ನತೊಡಗಿದರು. ಮನೆಮಂದಿಯ ಜೊತೆ ಅದ್ಲಿಯಾಕ್ಕೆ ಊಟಕ್ಕೆ ಬಂದ ಮಕ್ಕಳು ಬಾಗಿಲಲ್ಲಿ ಮರೂನ್ ಕೋಟಿನ ರಾಬರ್ಟರನ್ನು ಕಂಡು ಒಬ್ಬರನ್ನೊಬ್ಬರು ತಿವಿದುಕೊಂಡರು. ಕೆಲವರು ಜೊತೆಗೆ ನಿಂತು ಫೋಟೊ ತೆಗೆಸಿಕೊಂಡರು.

ರಾಬರ್ಟ್ ಫೋನಿನಲ್ಲಿ ಮಾತಾಡುವುದು ಬಿಟ್ಟು ಬೇರೇನೂ ನೋಡುವವರಲ್ಲ. ಭಾನುವಾರ ಸಂಜೆ ಅವರಿಗೆ ಕೆಲಸ. ಮಗಳು ವಿನಿತಾಳಿಗೆ ವಿಷಯ ಗೊತ್ತಿತ್ತು. ಮೊಮ್ಮಗಳು ಟೀನಾಳಿಗೆ ಅವಳಿಗಿಂತಲೂ ಮೊದಲೇ, ಶಾಲೆಯ ಬಸ್ಸಿನಲ್ಲಿ ಗೊತ್ತಾಗಿತ್ತು. ಅಜ್ಜನಿಗೆ ಹೇಳಬೇಡ ಎಂದು ತಾಯಿ ಅವಳ ಬಾಯಿ ಕಟ್ಟಿದ್ದಳು. ವಿನಿತಾ ಇದಕ್ಕಾಗಿ ಮರ್ವಿನ್ ಜೊತೆ ಜಗಳಕ್ಕೆ ಬರಲಿಲ್ಲ. ಚರ್ಚಿನಲ್ಲಿ ಸಿಕ್ಕಾಗ ಮೊದಲಿನಂತೆ ನಿಂತು ಮಾತಾಡುವುದನ್ನು ಮಾತ್ರ ಬಿಟ್ಟಳು.

ಹಾಗಾಗಿ ರಾಬರ್ಟ್ ತಮ್ಮದೇ ಒಂದು ಅರ್ಥ ಮಾಡಿಕೊಂಡರು. ಕಳೆದ ತಿಂಗಳು ಮರ್ವಿನ್‌ಗೆ ಅವರೇ ಫೋನ್ ಮಾಡಿದ್ದರು.

"ನನ್ನ ಯಾವುದೋ ಹಳೇ ನಾಟಕ ಯಾರೋ ಯೂಟ್ಯೂಬಿಗೆ ಹಾಕಿದ್ದಾರೆ ಮಾರಾಯ. ಸಣ್ಣ ಸಣ್ಣ ಮಕ್ಕಳಿಗೆ ನನ್ನ ಗುರ್ತ ಉಂಟು. ಟೀನಾ ಹುಡುಕಿದ್ಳು, ಅವಳಿಗೆ ಸಿಕ್ಕಲಿಲ್ಲ. ಬಳಗದವರು ವಾರ್ಷಿಕೋತ್ಸವಕ್ಕೆ ಒಂದು ಐಟಂ ಕೊಡಿ ಅಂತ ಕೇಳಿದ್ದಾರೆ. ನಾನು ರಾಜನ ಭಾಗ ಮಾಡ್ತೇನೆ, ಮಗ ಸತ್ತ ಮೇಲಿನದ್ದು. ನೀನು ಎಡಗಡೆ ಕೂತ್ಕೊಳ್ಬೇಕು."

ಮರ್ವಿನ್ ಒಪ್ಪಿಕೊಂಡ. ಹೇಳಬೇಕಾದದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಎರಡು ವಾರದ ನಂತರ ನಿರೂಪಕನೆಂದು ಕಾರ್ಯಕ್ರಮ ಪಟ್ಟಿ ಮೊದಲು ಅವನ ಕೈಗೇ ಬಂತು. ನಾಲ್ಕನೆಯ ಸಾಲು: ಹಾಸ್ಯ – ನಮ್ಮದೇ ಪುಂಡಲೀಕ, ರಾಬರ್ಟ್ ಪಿರೇರಾ. ಬಳಗದವರು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ರಾಬರ್ಟರಿಗೆ ಎಲ್ಲ ಗೊತ್ತಿದೆ, ಅವರೂ ನಗುತ್ತಿದ್ದಾರೆ ಎಂದೇ ಅವರು ತಿಳಿದಿದ್ದರು. ಸತ್ತ ಮಗನ ಮುಂದೆ ರಾಜ ಮೊದಲ ಸಲ ಮಾತು ತಪ್ಪಿ ಎಡಕ್ಕೆ ತಿರುಗಿದಾಗ ಆರುನೂರು ಜನ ಒಟ್ಟಿಗೆ ನಗುತ್ತಾರೆ. ಯಾಕೆ ಎಂದು ರಾಬರ್ಟರೊಬ್ಬರಿಗೆ ತಿಳಿಯುವುದಿಲ್ಲ. ಕಾರ್ಯಕ್ರಮಕ್ಕೆ ಉಳಿದದ್ದು ಒಂದು ವಾರ.

ಆ ಶುಕ್ರವಾರ ಅವನು ಒಂಬತ್ತನೆಯ ಸಲ ಹೇಳಲಿಲ್ಲ. ಮೈಕು ಬಿಚ್ಚಿ, ಎ.ಸಿ. ಹಾಕಿ, ಫ್ಲಾವಿಯಾ ಮಲಗಲಿ ಎಂದು ಹೊರಗೆ ಬಂದು ಕೂತ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಅದ್ಲಿಯಾಕ್ಕೆ ಹೋದ. ಮಧ್ಯಾಹ್ನದ ಊಟ ಮುಗಿದು ಸಂಜೆ ಬಾಗಿಲು ತೆರೆಯುವವರೆಗೆ ರಾಬರ್ಟರಿಗೆ ಬಿಡುವು. ರೆಸ್ಟೋರೆಂಟಿನ ಹಿಂದೆ ಕೆಲಸದವರು ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರು ಕೋಟು ಮೊಳೆಗೆ ಹಾಕಿ, ಬಿಳಿ ಅಂಗಿಯ ತೋಳು ಮಡಚಿ ತಯಾರಾಗಿದ್ದರು. ಮಾತನ್ನು ತಾವೇ ನೆನಪಿನಿಂದ ಬರೆದ ಆರು ಹಾಳೆಗಳನ್ನು ಅವನ ಕೈಗೆ ಕೊಟ್ಟು, ಎಡಕ್ಕೆ ಕುರ್ಚಿ ಹಾಕಿ ಕೂರಿಸಿದರು. ಇಬ್ಬರ ಮನೆಮಾತು ಕೊಂಕಣಿ. ಆದರೆ ನಾಟಕದ ವಿಷಯ ಬಂದರೆ ಅವರು ಆಡುವುದು ಕನ್ನಡವೇ. ತಂಡದ ಕಾಲದಿಂದ ಹಾಗೆ.

ಎರಡನೆಯ ಹಾಳೆಯಲ್ಲಿ ರಾಜನ ಮಾತು ನಿಂತಿತು. ತಲೆ ವಾಲಿತು. "ಹಾಂ."

"ಈ ಕೈ," ಅಂದ ಮರ್ವಿನ್.

"ಅದೇ." ರಾಬರ್ಟ್ ಮುಂದುವರಿದರು. ಈ ಕೈಯಲ್ಲಿ ನಿನ್ನನ್ನು ಎತ್ತಿದೆ ಎಂದು ಎರಡೂ ಕೈ ಮುಂದೆ ಚಾಚಿ ನಡೆದುಬಂದರು. ಮುದುಕರು ಚೆನ್ನಾಗಿ ಮಾಡುತ್ತಿದ್ದರು. ಕೆಟ್ಟದಾಗಿ ಮಾಡಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಮರ್ವಿನ್ ಹಾಳೆಗಳನ್ನು ತೊಡೆಯ ಮೇಲಿಟ್ಟ.

"ಮಾಮ್, ಸ್ವಲ್ಪ ನಿಲ್ಲಿಸಿ. ಯೂಟ್ಯೂಬಲ್ಲಿ ನಿಮ್ಮ ನಾಟಕ ಇಲ್ಲ."

"ಬೇರೆ ಹೆಸರಲ್ಲಿ ಇರ್ಬೇಕು."

"ಬೇರೆ ಹೆಸರಲ್ಲೇ ಉಂಟು. ಪುಂಡಲೀಕ ಅಂತ. ಕಾರ್ಟೂನ್. ದನಿ ನನ್ನದು."

ರಾಬರ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತೋರಿಸು ಎಂದರು. ಅಂಗಿಯ ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು, ಮರ್ವಿನ್‌ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಂತನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಹನ್ನೊಂದು ನಿಮಿಷದ ಕಂತು. ಆ ಹನ್ನೊಂದು ನಿಮಿಷ ಮರ್ವಿನ್ ತನ್ನ ದನಿಯನ್ನೇ ಕೇಳುತ್ತ ಕೂತ. ಇಷ್ಟು ದಿನ ಚುರುಕಾಗಿ ಕೇಳಿಸುತ್ತಿದ್ದದ್ದು ಅಲ್ಲಿ ಬರೀ ಕೀರಲಾಗಿತ್ತು.

"ಕೋಟು ಅವರಿಗೆ ಹೇಗೆ ಗೊತ್ತಾಯ್ತು?" ರಾಬರ್ಟ್ ಕೇಳಿದರು.

"ಫೋಟೊ ಕಳ್ಸಿದ್ದು ನಾನು. ಫ್ಲಾವಿಯಾಳ ಬರ್ತ್‌ಡೇಗೆ ಇಲ್ಲಿ ಬಾಗಿಲ ಹತ್ರ ತೆಗೆದದ್ದು."

"ಅದ್ರಲ್ಲಿ ಅವಳೂ ಇದ್ಳಲ್ಲ ನನ್ನೊಟ್ಟಿಗೆ."

"ಅವಳನ್ನು ಕತ್ತರಿಸಿ ಕಳ್ಸಿದೆ."

ರಾಬರ್ಟ್ ಫೋನ್ ಹಿಂದೆ ಕೊಟ್ಟರು. ಕನ್ನಡಕ ಒರೆಸಿ ಕಿಸೆಗೆ ಹಾಕಿದರು. ಬೈಯುತ್ತಾರೆ ಎಂದು ಕಾದಿದ್ದ ಮರ್ವಿನ್‌ಗೆ ಅವರು ಮಾತಾಡಿದ್ದು ತಾಲೀಮಿನಲ್ಲಿ ತಪ್ಪು ತಿದ್ದುವ ದನಿಯಲ್ಲಿ.

"ನೀನು ಒಂದು ಬಿಟ್ಟಿದ್ದಿ. ಹಾಂ ಹೇಳಿ ನಾನು ನಿಲ್ಲುದು ನಿನಗೋಸ್ಕರ. ನೀನು ಶಬ್ದ ಕೊಟ್ಟ ಮೇಲೆ ನಾನು ಅದೇ ಹೇಳುದು. ಇವನಿಗೆ ಶಬ್ದ ಕೊಡುವವನೇ ಇಲ್ಲ. ಹಾಂ ಅಂತಾನೆ, ಯಾರೂ ಎಂತದೂ ಹೇಳುದಿಲ್ಲ, ಆದ್ರೂ ಅದೇ ಅಂತಾನೆ. ಅದಕ್ಕೇ ಜನ ನಗುದು. ನಿನ್ನನ್ನು ನೀನೇ ತೆಗೆದುಬಿಟ್ಟಿದ್ದಿ ಮಾರಾಯ, ಅವಳನ್ನು ಫೋಟೊದಿಂದ ತೆಗೆದ ಹಾಗೆ."

ಮರ್ವಿನ್ ತಪ್ಪಾಯಿತು ಎಂದ. ಮೂರು ಸಲ ಹೇಳಿರಬೇಕು. ಮೂರನೆಯ ಸಲಕ್ಕೆ ರಾಬರ್ಟ್ ಕೊಂಕಣಿಗೆ ತಿರುಗಿ, ಟೀನಾಳಿಗೆ ಗೊತ್ತಿದೆಯಾ ಎಂದು ಕೇಳಿದರು. ಗೊತ್ತಿದೆ ಎಂದ. ವಿನಿತಾಳಿಗೆ? ಅವಳಿಗೂ. ರಾಬರ್ಟ್ ತಲೆಯಾಡಿಸಿದರು. ಮೊಳೆಯಲ್ಲಿದ್ದ ಕೋಟು ತೆಗೆದು ತೊಟ್ಟು, ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡು ಬಾಗಿಲ ಕಡೆಗೆ ಹೋದರು. ಬಾಗಿಲು ತೆರೆಯಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಆರು ಹಾಳೆಗಳು ಮರ್ವಿನ್‌ನ ಬಳಿಯೇ ಉಳಿದವು.

ಕಾರಿನಲ್ಲಿ ಕೂತು ಅವನು ಅಮೋಘನಿಗೆ ಫೋನ್ ಮಾಡಿ, ಇನ್ನು ತಾನು ಈ ಪಾತ್ರ ಮಾಡುವುದಿಲ್ಲ, ನಿಲ್ಲಿಸಿಬಿಡಿ ಎಂದ. ಕಾರಣವನ್ನೂ ಹೇಳಿದ. ಅಮೋಘ ನಿಜವಾಗಿ ನೊಂದುಕೊಂಡ.

"ಸಾರಿ ಸರ್, ನಂಗೊತ್ತಿರ್ಲಿಲ್ಲ. ಆದ್ರೆ ಕ್ಯಾರೆಕ್ಟರ್ ನಿಲ್ಸೋಕಾಗಲ್ಲ, ಚಾನೆಲ್ ಒಪ್ಪಲ್ಲ. ನೀವು ಮಾಡ್ದಿದ್ರೆ ಇಲ್ಲೇ ಯಾರ ಹತ್ರಾನಾದ್ರೂ ಮಾಡಿಸ್ತೀವಿ. ಕೋಟು ಬೇಕಾದ್ರೆ ಗ್ರೀನ್ ಮಾಡ್ಬಹುದು ಸರ್."

ಕೋಟಿನ ಬಣ್ಣ ಬದಲಿಸಿ ಎಂದು ಮರ್ವಿನ್ ಕೇಳಿಕೊಂಡ. ಹಾಗೆ ಕೇಳಿಕೊಂಡದ್ದಕ್ಕೂ ನಾಚಿಕೆಯಾಯಿತು. ಬಳಗದ ಕಾರ್ಯದರ್ಶಿಗೆ ವಿಷಯ ತಿಳಿಸಿ, ಐಟಂ ತೆಗೆದುಹಾಕುವುದಾದರೆ ತೆಗೆಯಿರಿ ಎಂದ. ಕಾರ್ಯದರ್ಶಿ ಆ ಸಂಜೆಯೇ ರೆಸ್ಟೋರೆಂಟಿಗೆ ಹೋಗಿ ರಾಬರ್ಟರ ಕೈ ಹಿಡಿದು ಕ್ಷಮೆ ಕೇಳಿದರು.

ಬುಧವಾರ ವಿನಿತಾ ಮರ್ವಿನ್‌ಗೆ ಫೋನ್ ಮಾಡಿದಳು. ಬಹಳ ದಿನಗಳ ಮೇಲೆ ಅವಳಾಗಿಯೇ ಮಾಡಿದ್ದು. ಪಪ್ಪಾ ಹೆಸರು ಹಿಂದೆ ತೆಗೆದುಕೊಳ್ಳುವುದಿಲ್ಲವಂತೆ, ಹಾಳೆಗಳನ್ನು ಶಾಲೆಯ ಹತ್ತಿರ ಟೀನಾಳ ಕೈಗೆ ಕೊಡಬೇಕಂತೆ ಎಂದಳು. ಪ್ರಾಂಪ್ಟಿಂಗಿಗೆ ತಾನು ಬರಲಾ ಎಂದು ಮರ್ವಿನ್ ಕೇಳಿದ. ಬೇಡವಂತೆ, ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿರೂಪಣೆಯನ್ನೂ ಅವನು ಬೇರೆಯವರಿಗೆ ಬಿಟ್ಟುಕೊಟ್ಟ. ಪಟ್ಟಿಯ ಆ ಸಾಲನ್ನು ತಾನು ಓದಿ ಅವರನ್ನು ವೇದಿಕೆಗೆ ಕರೆಯುವುದು ಸಾಧ್ಯವಿರಲಿಲ್ಲ.

ಹೊಸ ಪಟ್ಟಿಯಲ್ಲಿ ನಾಲ್ಕನೆಯ ಸಾಲು: ಏಕಪಾತ್ರಾಭಿನಯ – ರಾಬರ್ಟ್ ಪಿರೇರಾ, ಇಪ್ಪತ್ತು ನಿಮಿಷ. ಅವರು ಶುಕ್ರವಾರ ಸಂಜೆ ಏಳೂಮುಕ್ಕಾಲಕ್ಕೆ ವೇದಿಕೆಗೆ ಬರುತ್ತಾರೆ. ಪ್ರಾಂಪ್ಟರ್ ಇರುವುದಿಲ್ಲ. ಮರ್ವಿನ್ ಮತ್ತು ಫ್ಲಾವಿಯಾ ಮೂರನೆಯ ಸಾಲಿನಲ್ಲಿ ಕೂರುತ್ತಾರೆ.