ಉಡಿಯಷ್ಟು ತಂಗಡಿ ಹೂ

ನನ್ನ ತವರು ಡಾಬಕಾ. ಅಲ್ಲಿಯ ಗೈರಾಣದಲ್ಲಿ, ಅಂದರೆ ಊರ ಕುರಿಗಳೆಲ್ಲ ಮೇಯುವ ಬಯಲಿನಲ್ಲಿ, ತಂಗಡಿ ಗಿಡಗಳು ತಾವಾಗಿಯೇ ಬೆಳೆದಿವೆ. ದಸರೆಯ ಹೊತ್ತಿಗೆ ಇಡೀ ದಿಬ್ಬ ಹಳದಿಯಾಗುತ್ತದೆ. ಆ ಹೂವನ್ನು ತೊಗರಿ ಬೇಳೆಗೆ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ದಿನ ನಮ್ಮ ಮನೆಯಲ್ಲಿ ರೊಟ್ಟಿ ಸಾಲುತ್ತಿರಲಿಲ್ಲ.

ಹೂವಿಗೆ ಹೋಗುವಾಗ ಬುಟ್ಟಿ ಒಯ್ಯಲು ಅಜ್ಜಿ ಬಿಡುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಳ್ಳಬೇಕು, ಅದು ತುಂಬಿದರೆ ಮನೆಗೆ ತಿರುಗಬೇಕು. ಅದೂ ಒಂದೇ ಗಿಡ ಬೋಳಿಸುವಂತಿಲ್ಲ. ಇಲ್ಲೊಂದು ಹಿಡಿ, ಅಲ್ಲೊಂದು ಹಿಡಿ.

"ಉಳದದ್ದು ಜೇನಹುಳಕ್ಕ, ಕಾಯಿಗಿ. ಕಾಯಿ ಆಗಲಿಲ್ಲಂದ್ರ ಬೀಜ ಎಲ್ಲಿಂದ ತರ್ತಿ, ಬೀದರ ಗಾಂಧಿ ಗಂಜ್ ಬಜಾರದಿಂದ?" ಎನ್ನುತ್ತಿದ್ದಳು.

ಹೋದ ದಸರೆಗೆ ಬೀದರಿನಿಂದ ತವರಿಗೆ ಹೋಗಿದ್ದೆ. ಬೆಳಿಗ್ಗೆ ದಿಬ್ಬ ಹತ್ತಿದರೆ, ಭಾಲ್ಕಿಯಲ್ಲಿರುವ ನನ್ನ ತಮ್ಮನ ಹೆಂಡತಿ ಟೆಂಪೊ ನಿಲ್ಲಿಸಿ, ಗೋಣಿಚೀಲ ಹಾಸಿ, ಕುಡಗೋಲಿನಿಂದ ಟೊಂಗೆ ಟೊಂಗೆಯೇ ಕೊಯ್ಯುತ್ತಿದ್ದಾಳೆ! ಹೂ ಒಣಗಿಸಿ ಚಹಾಪುಡಿ ಮಾಡಿ ಮಾರುವ ಹೊಸ ಧಂದೆ ಅವಳದು. ಆಗಲೇ ಒಂದಷ್ಟು ಗಿಡ ಮೋಟಾಗಿದ್ದವು. ಸುಮ್ಮನಿದ್ದರೆ ಮಧ್ಯಾಹ್ನದೊಳಗೆ ದಿಬ್ಬದಲ್ಲಿ ಬೀಜಕ್ಕೂ ಹೂ ಉಳಿಯುತ್ತಿರಲಿಲ್ಲ.

ನಾನು ಖಾಲಿ ಚೀಲಗಳನ್ನೆಲ್ಲ ಒಟ್ಟು ಮಾಡಿ ಅವುಗಳ ಮೇಲೆ ಕೂತೆ.

"ಏಳ್ರಿ ಅಕ್ಕಾ, ಹೊತ್ತಾಗ್ತದ."

"ಏಳಂಗಿಲ್ಲ."

"ಇದೇನ್ ನಿಮ್ಮಪ್ಪನ ಜಾಗಾ ಏನ್ರಿ?"

"ನಮ್ಮಪ್ಪಂದಿದ್ರ ಬಿಟ್ಟುಕೊಡ್ತಿದ್ನೇನೋ. ಊರಿಂದದ, ಅದಕ್ಕೇ ಬಿಡಂಗಿಲ್ಲ. ಬೇಕಂದ್ರ ಉಡಿ ಮಾಡ್ಕೊ, ತುಂಬೋತನ ಹರ್ಕೊ."

ಅವಳು ತನ್ನ ಚೂಡಿದಾರ ತೋರಿಸಿ ನಕ್ಕಳು. "ಸೆರಗೇ ಇಲ್ಲಲ್ರಿ ಅಕ್ಕಾ, ಉಡಿ ಎಲ್ಲಿಂದ ಬರಬೇಕು?"

"ಕೊರಳಾಗ ದುಪಟ್ಟಾ ಅದ ಅಲಾ? ಅದು ಬರೀ ಫೋಟೋಕ್ಕ ಏನು?"

ಟೆಂಪೊ ಡ್ರೈವರ್ ಕಿಸಕ್ಕೆಂದ. ಅವಳ ಮುಖ ಕೆಂಪಾಯಿತು. ತಮ್ಮನಿಗೆ ಫೋನ್ ಹಚ್ಚಿದಳು. "ಅಕ್ಕ ಕೂತಾಳಂದ್ರ ಮುಗೀತು, ಬಂದ್ಬಿಡು" ಎಂದು ಅವನು ಹೇಳಿದ್ದು ನನಗೂ ಕೇಳಿಸಿತು. ಕಡೆಗೆ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ಬುಸುಗುಡುತ್ತ, ಉಡಿ ತುಂಬ ಹರಿದುಕೊಂಡು ಹೋದಳು. ಸಿಟ್ಟಿನಲ್ಲಿ ಚೀಲಗಳನ್ನೂ ಮರೆತಳು.

ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ದೊಡ್ಡವಳು ನೀನು, ನೀನೇ ತಗ್ಗು ಎಂದು ಬೀಗರು ಬುದ್ಧಿ ಹೇಳುತ್ತಾರೆ. ಮನೆಯ ಮಾತಾದರೆ ತಗ್ಗುತ್ತೇನೆ, ದಿಬ್ಬದ ಮಾತಿಗಲ್ಲ. ಉಳಿಸಿದ ಹೂಗಳೆಲ್ಲ ಕಾಯಾಗಿ ಉದುರಿ, ಈ ಮಳೆಗೆ ಮೋಟು ಗಿಡಗಳ ಸುತ್ತ ಎಳೆಯ ಸಸಿ ಎದ್ದಿವೆ.

ಅವಳ ಚೀಲಗಳು ಬೀದರಿನ ನಮ್ಮ ಬಾಗಿಲಲ್ಲಿ ಕಾಲೊರೆಸಲು ಬಿದ್ದಿವೆ. ಒಂದನ್ನು ಮಾತ್ರ ಒಗೆದು ಇಟ್ಟಿದ್ದೇನೆ. ಈ ದಸರೆಗೆ ದಿಬ್ಬಕ್ಕೆ ಅದನ್ನು ಒಯ್ಯುತ್ತೇನೆ, ಕೂರಲು.